ಕರಿದದ್ದಕ್ಕೆ ಕರ

ಗೌರಕ್ಕನ ಬಾಣಲೆಯಿಂದ ಇಳಿದ ಒಂದು ತಟ್ಟೆ ಮೆಣಸಿನಕಾಯಿ ಬಜ್ಜಿಗೆ ಹತ್ತು ರೂಪಾಯಿ, ಸೊಂಟದಲ್ಲಿ ಒಂದು ಕೂದಲೆಳೆ. ಸಂತೆಬೀದಿ ಹೋಟೆಲಿನ ಬೆಣ್ಣೆ ದೋಸೆಗೆ ನಲವತ್ತು ರೂಪಾಯಿ, ನಾಲ್ಕು ಕೂದಲೆಳೆ. ಒಂದು ಕೇಜಿ ಜಿಲೇಬಿಗೆ ಇನ್ನೂರೈವತ್ತು, ಬೆಲ್ಟಿನಲ್ಲಿ ಒಂದು ತೂತು. ಮಗಳ ಮದುವೆ ಮಾಡಿ ಲಾಡು, ಚಿರೋಟಿ ಬಡಿಸಿದರೆ ಖರ್ಚು ಅವರವರ ಯೋಗ್ಯತೆಯಂತೆ. ಸೊಂಟವೂ ಖರ್ಚಿನಂತೆ, ಬಡವನಿಗೂ ನಾಲ್ಕು ಅಂಗುಲಕ್ಕೆ ಕಡಿಮೆಯಿಲ್ಲ. ಇದು ನಮ್ಮ ಊರಿನ ದರಪಟ್ಟಿ. ಇದನ್ನು ಯಾರೂ ಗೋಡೆಗೆ ಬರೆದು ಹಾಕಿಲ್ಲ, ಬರೆಯುವ ಅಗತ್ಯವೂ ಇಲ್ಲ. ಮದುವೆಯಾಗಿ ಬಂದ ವರ್ಷದಿಂದ ನಾನು ಇಲ್ಲಿ ಬಟ್ಟೆ ಹೊಲಿಯುತ್ತಿದ್ದೇನೆ. ನನ್ನ ಕೊರಳಿನಲ್ಲಿ ನೇತಾಡುವ ಟೇಪಿಗೆ ಈ ಊರಿನ ವಿಷಯ ನನಗಿಂತ ಚೆನ್ನಾಗಿ ಗೊತ್ತು.

ನಮ್ಮ ಊರಿನಲ್ಲಿ ತಿಂದವರಿಗೆ ಮೈ ಬರುವುದಿಲ್ಲ, ದುಡ್ಡು ಕೊಟ್ಟವರಿಗೆ ಬರುತ್ತದೆ. ಎಣ್ಣೆ, ತುಪ್ಪ, ಸಕ್ಕರೆ ಯಾರ ಬಾಯಿಗೆ ಬೇಕಾದರೂ ಹೋಗಲಿ, ಅದರ ಕೊಬ್ಬು ಮಾತ್ರ ಯಾರ ಜೇಬಿನಿಂದ ಕಾಸು ಹೊರಟಿತೋ ಅವರ ಸೊಂಟಕ್ಕೆ ಬಂದು ಕೂರುತ್ತದೆ. ಅಕ್ಕಿ, ರಾಗಿ, ಸೊಪ್ಪು ಕೊಂಡರೆ ಏನೂ ಆಗುವುದಿಲ್ಲ. ಗೌರಕ್ಕ ಡಬ್ಬಗಟ್ಟಲೆ ಎಣ್ಣೆ ಕೊಳ್ಳುತ್ತಾಳೆ, ಆದರೆ ಬಜ್ಜಿ ಮಾರಿದ ಹಾಗೆ ಅವಳ ಮೈ ಇಳಿದುಹೋಗುತ್ತದೆ. ವ್ಯಾಪಾರ ಆಗದ ದಿನ ಅವಳ ರವಿಕೆ ಬಿಗಿಯಾಗಿರುತ್ತದೆ. ಒಮ್ಮೆ ಬೇರೆ ಊರಿನಿಂದ ಬಂದ ಪಾತ್ರೆ ವ್ಯಾಪಾರಿ, ನಮ್ಮಲ್ಲಿ ತಿಂದವನೇ ಉಬ್ಬುತ್ತಾನೆ ಎಂದು ಹೇಳಿದ. ನಾವೆಲ್ಲ ಅಯ್ಯೋ ಪಾಪ ಎಂದೆವು. ರುಚಿಯೂ ಅವನದೇ, ಹೊಟ್ಟೆಯೂ ಅವನದೇ ಆದರೆ ಉಳಿದವರಿಗೆ ಮಾತಾಡಲು ಏನು ಉಳಿಯಿತು?

ಹೀಗಾಗಿ ನಮ್ಮಲ್ಲಿ ಕೆಲವು ಪದ್ಧತಿಗಳು ಬೆಳೆದಿವೆ. ಹೋಟೆಲಿನಲ್ಲಿ ಬಿಲ್ಲು ಬರುವ ಹೊತ್ತಿಗೆ ಕೈ ತೊಳೆಯುವ ತೊಟ್ಟಿಯ ಹತ್ತಿರ ನೂಕುನುಗ್ಗಲು. ಕೊನೆಯಲ್ಲಿ ಕೈ ತೊಳೆದವನ ಕೈ ನಮ್ಮ ಊರಿನಲ್ಲೇ ಅತ್ಯಂತ ಶುಭ್ರವಾದ ಕೈ. ಕಡ್ಡಿಯ ಹಾಗಿರುವವರನ್ನು ಕಂಡರೆ ಜನ ಮರ್ಯಾದೆ ಕೊಡುವುದಿಲ್ಲ. ಬಿಟ್ಟಿ ತಿಂದ ಮೈ ಎನ್ನುತ್ತಾರೆ. ದಪ್ಪಗಿರುವವರಿಗೆ ಬಸ್ಸಿನಲ್ಲಿ ಎದ್ದು ಜಾಗ ಬಿಡುತ್ತಾರೆ. ಹೆಣ್ಣು ಕೊಡುವವರು ಜಾತಕಕ್ಕಿಂತ ಮೊದಲು ನನ್ನ ಅಂಗಡಿಗೆ ಬರುತ್ತಾರೆ. ಪ್ಯಾಂಟು ಹೊಲಿಯುವಾಗ ಹಿಂದಿನ ಹೊಲಿಗೆಯೊಳಗೆ ಸ್ವಲ್ಪ ಬಟ್ಟೆ ಮಡಿಸಿ ಬಿಡುವುದು ಎಲ್ಲ ಟೈಲರುಗಳ ವಾಡಿಕೆ, ನಾಳೆ ಮೈ ಬಂದರೆ ಬಿಚ್ಚಿ ದೊಡ್ಡದು ಮಾಡಲು. ಕೊಡುಗೈ ಹುಡುಗನಾದರೆ ಎರಡು ಅಂಗುಲ ಬಿಡುತ್ತೇನೆ, ಕೈ ಬಿಗಿಯಾದವನಿಗೆ ಬಿಡುವುದೇ ಇಲ್ಲ, ಬಟ್ಟೆ ದಂಡ. ಅದಕ್ಕೇ ಹೆಣ್ಣಿನ ಕಡೆಯವರು ನನ್ನನ್ನು ಬದಿಗೆ ಕರೆದು, ಹುಡುಗನಿಗೆ ಒಳಗೆ ಎಷ್ಟು ಬಿಟ್ಟಿದ್ದೀಯ ಎಂದು ಕೇಳುವುದು. ಒಳಗೆ ಬಟ್ಟೆಯಿಲ್ಲದ ಗಂಡು ಎಂಬುದು ನಮ್ಮಲ್ಲಿ ದೊಡ್ಡ ಬೈಗುಳ.

ಈ ಬೈಗುಳ ತಿಂದವರಲ್ಲಿ ಬಸ್ ನಿಲ್ದಾಣದ ಹಮಾಲಿ ಸಣ್ಣಪ್ಪ ಒಬ್ಬ. ಹೆಸರಿಗೆ ತಕ್ಕ ಮೈ. ಅಕ್ಕಿ ಮೂಟೆ ಹೊತ್ತು ನಡೆದರೆ ಮೂಟೆಗೆ ಎರಡು ಕಾಲು ಬಂದ ಹಾಗೆ ಕಾಣುತ್ತಿದ್ದ. ಎರಡು ಕಡೆಯವರು ಅವನನ್ನು ನೋಡಿ, ನನ್ನನ್ನೂ ಕೇಳಿ, ತಿರುಗಿ ಹೋಗಿದ್ದರು. ನಾನು ಸುಳ್ಳು ಹೇಳಬಹುದಿತ್ತು. ಆದರೆ ಟೈಲರ್ ಒಂದು ಸಲ ಅಳತೆಯಲ್ಲಿ ಸುಳ್ಳು ಹೇಳಿದರೆ ಆಮೇಲೆ ಅವಳ ಹತ್ತಿರ ಯಾರು ರವಿಕೆ ಹೊಲಿಸುತ್ತಾರೆ? ಅವನೇನೂ ಜಿಪುಣನಲ್ಲ. ದುಡಿದದ್ದರಲ್ಲಿ ಹೆಚ್ಚಿನದು ಅವನ ತಾಯಿಯ ಔಷಧಿಗೆ ಹೋಗುತ್ತಿತ್ತು. ಉಳಿದದ್ದನ್ನು ಸಂಜೆ ಜೇಬಿನಿಂದ ತೆಗೆಯುವ ಸಂದರ್ಭವೇ ಬರುತ್ತಿರಲಿಲ್ಲ, ಯಾಕೆಂದರೆ ದಾಸಣ್ಣ ಇದ್ದರು.

ದಾಸಣ್ಣ ನಿವೃತ್ತ ಬಸ್ ಕಂಡಕ್ಟರ್. ನನ್ನ ಅಂಗಡಿಯ ಪಕ್ಕದಲ್ಲೇ ಗೌರಕ್ಕನ ಬಜ್ಜಿ ಒಲೆ, ಅದರ ಎದುರಿಗೆ ಒಂದು ಉದ್ದನೆಯ ಕಲ್ಲುಬೆಂಚು. ಸಂಜೆ ಐದಕ್ಕೆ ದಾಸಣ್ಣ ಬಂದು ಆ ಬೆಂಚಿನ ನಡುವೆ ಕೂತರೆ ಹಮಾಲಿಗಳು, ಆಟೋದವರು, ಬೀದಿ ಗುಡಿಸುವವರು, ಕೆಲಸವಿಲ್ಲದವರು ಒಬ್ಬೊಬ್ಬರೇ ಬಂದು ಎರಡೂ ಕಡೆ ತುಂಬಿಕೊಳ್ಳುತ್ತಿದ್ದರು. ಹದಿನೈದು ಜನರಿಗೆ ಕಡಿಮೆ ಇಲ್ಲ. ದಾಸಣ್ಣ ತಾವು ಒಂದೇ ಒಂದು ಬಜ್ಜಿ ತಿನ್ನುತ್ತಿದ್ದರು, ಅದೂ ಮೆಣಸಿನಕಾಯಿ ತೆಗೆದು. ಉಳಿದವರ ತಟ್ಟೆ ಖಾಲಿಯಾಗದಂತೆ ನೋಡಿಕೊಳ್ಳುವುದೇ ಅವರ ತಿಂಡಿ. ನಾನು ಅವರ ಪ್ಯಾಂಟನ್ನು ಬಿಚ್ಚಿ ಬಿಚ್ಚಿ ದೊಡ್ಡದು ಮಾಡಿದೆ. ಒಳಗೆ ಬಿಟ್ಟ ಬಟ್ಟೆಯೆಲ್ಲ ಮುಗಿದ ಮೇಲೆ ಅವರು ಪಂಚೆಗೆ ಇಳಿದರು. ಪಂಚೆಗೆ ಟೈಲರ್ ಬೇಡ. ಜುಬ್ಬ ಮಾತ್ರ ನನ್ನ ಬಳಿಯೇ ಹೊಲಿಸುತ್ತಿದ್ದರು, ಒಂದೊಂದು ಸಲವೂ ಹಿಂದಿನದಕ್ಕಿಂತ ಒಂದು ಗೇಣು ಹೆಚ್ಚು ಬಟ್ಟೆ ತಂದು.

ಒಂದು ದಿನ ಜುಬ್ಬದ ಬಟ್ಟೆಯನ್ನು ಅವರ ಹೆಂಡತಿ ನಿಂಗಮ್ಮ ತಂದರು. ಡಾಕ್ಟರು ದಾಸಣ್ಣನ ಎದೆಗೆ ಕೊಳವೆ ಇಟ್ಟು ಕೇಳಿ, ಇನ್ನು ಒಂದು ಜುಬ್ಬದ ಅಳತೆ ಹೆಚ್ಚಾದರೆ ಹೃದಯ ತಡೆಯುವುದಿಲ್ಲ, ಕೊಡಿಸುವುದನ್ನು ಬಿಡಿ ಎಂದು ಹೇಳಿದ್ದರಂತೆ. ದಾಸಣ್ಣ ಆಗಲಿ ಎಂದು ತಲೆಯಾಡಿಸಿ, ಆಸ್ಪತ್ರೆಯ ಬಾಗಿಲಲ್ಲೇ ಕಾಂಪೌಂಡರಿಗೆ ಒಂದು ಪ್ಲೇಟ್ ಬೋಂಡ ಕೊಡಿಸಿದ್ದರಂತೆ. ನಿಂಗಮ್ಮ ಬಟ್ಟೆಯನ್ನು ಮೇಜಿನ ಮೇಲಿಟ್ಟರು.

"ಈ ಸಲ ಜೇಬು ಹಾಕಬೇಡ ಕಣೆ," ಎಂದರು.

"ಜೇಬಿಲ್ಲದ ಜುಬ್ಬ ಅಂದ್ರೆ ಹೆಣಕ್ಕೆ ಹೊಲಿದ ಹಾಗಿರುತ್ತೆ ನಿಂಗಕ್ಕ."

"ಜೇಬು ಹಾಕಿದ್ರೆ ಅದಕ್ಕೇ ಹೊಲೀಬೇಕಾಗುತ್ತೆ."

ನಾನು ಜೇಬಿಲ್ಲದ ಜುಬ್ಬ ಹೊಲಿದೆ. ದಾಸಣ್ಣ ಅದನ್ನು ತೊಟ್ಟು, ಎರಡೂ ಕಡೆ ತಡವಿ ನೋಡಿ, ಹೊಲಿಗೆ ಚೆನ್ನಾಗಿದೆ ಎಂದು ಹೊಗಳಿ, ನೋಟುಗಳನ್ನು ಪಂಚೆಯ ಮಡಿಕೆಗೆ ಸಿಕ್ಕಿಸಿಕೊಂಡು ನೇರವಾಗಿ ಬೆಂಚಿಗೆ ಹೋದರು.

ಆ ವರ್ಷ ನಮ್ಮ ಊರಿನಲ್ಲಿ ಇಬ್ಬರು ದೊಡ್ಡ ಮನುಷ್ಯರು, ಅಂದರೆ ನಿಜವಾಗಿ ದೊಡ್ಡ ಗಾತ್ರದವರು, ಹೃದಯ ನಿಂತು ತೀರಿಕೊಂಡಿದ್ದರು. ಒಬ್ಬರು ವರ್ಷವಿಡೀ ಶಾಲೆಯ ಮಕ್ಕಳಿಗೆ ಕೋಡುಬಳೆ ಹಂಚುತ್ತಿದ್ದವರು, ಇನ್ನೊಬ್ಬರಿಗೆ ಐದು ಜನ ಹೆಣ್ಣುಮಕ್ಕಳು. ಕೊಡುವವರೆಲ್ಲ ಹೀಗೆ ಹೊರಟುಹೋದರೆ ಊರಿನಲ್ಲಿ ಉಳಿಯುವವರು ಯಾರು ಎಂಬ ಚಿಂತೆ ಹುಟ್ಟಿತು. ಪುರಸಭೆಯ ಅಧ್ಯಕ್ಷ ಚನ್ನಕೇಶವಯ್ಯನವರು ಸಭೆ ಕರೆದರು. ಇವರ ಸೊಂಟ ನಾನು ಅಂಗಡಿ ತೆರೆದ ವರ್ಷ ಎಷ್ಟಿತ್ತೋ ಆ ದಿನವೂ ಅಷ್ಟೇ ಇತ್ತು. ಅವರು ಯಾರಿಗೂ ಒಂದು ಲೋಟ ಮಜ್ಜಿಗೆ ಕೊಡಿಸಿದ್ದನ್ನೂ ಕಂಡವರಿಲ್ಲ. ಆದರೂ ಅವರು ಸ್ಥೂಲಕಾಯದ ಬಗ್ಗೆ ಒಂದು ಗಂಟೆ ಮಾತಾಡಿದರು, ನಾವು ಕೇಳಿದೆವು. ಈಜು ಬಾರದವನೇ ನದಿಯ ಬಗ್ಗೆ ಹೆಚ್ಚು ಎಚ್ಚರ ಹೇಳುವುದು.

ಅವರ ಮಾತಿನ ಸಾರ ಸರಳವಾಗಿತ್ತು. ಕರಿದದ್ದಕ್ಕೆಲ್ಲ ಬೆಲೆಯಷ್ಟೇ ಕರ. ಹತ್ತು ರೂಪಾಯಿ ಬಜ್ಜಿಗೆ ಹತ್ತು ರೂಪಾಯಿ ಕರ. ಬೆಲೆ ಏರಿದರೆ ಕೈ ಹಿಂದೆ ಸರಿಯುತ್ತದೆ, ಕೈ ಸರಿದರೆ ಸೊಂಟ ಸರಿಯುತ್ತದೆ. ಕರಿದದ್ದಕ್ಕೆ ಕರ ಎಂದು ಅವರು ಕೈಯೆತ್ತಿ ಹೇಳಿದಾಗ ಪ್ರಾಸ ಕೂಡಿಬಂದಿದ್ದಕ್ಕೇ ಅರ್ಧ ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ನನಗೆ ಅದು ಸರಿಯೆನ್ನಿಸಿತು. ನನ್ನ ಪಕ್ಕದಲ್ಲಿ ಕೂತಿದ್ದ ನಿಂಗಮ್ಮನ ಕಣ್ಣಲ್ಲಿ ನೀರು ಬಂದಿತ್ತು. ಜೇಬಿಲ್ಲದ ಜುಬ್ಬ ಮಾಡಲಾಗದ್ದನ್ನು ಕರ ಮಾಡುತ್ತದೆ ಎಂದು ಅವರು ನಂಬಿದರು.

ಬಿಲ್ ಕಲೆಕ್ಟರ್ ಪುಟ್ಟರಂಗ ಒಂದು ಸ್ಟೂಲು ತಂದು ಗೌರಕ್ಕನ ಒಲೆಯ ಪಕ್ಕ ಹಾಕಿಕೊಂಡ. ಕರಿದದ್ದು ಎಂದರೆ ಏನು ಎಂದು ಆಜ್ಞೆಯಲ್ಲಿ ಬರೆದಿತ್ತು: ಎಣ್ಣೆಯಲ್ಲಿ ಮುಳುಗಿ ಎದ್ದದ್ದು. ಗೌರಕ್ಕ ಮಾರನೆಯ ದಿನದಿಂದ ಬಾಣಲೆಗೆ ಎಣ್ಣೆ ಕಡಿಮೆ ಹಾಕಿ, ಬಜ್ಜಿಯ ಬೆನ್ನು ಮೇಲೆ ಕಾಣುವ ಹಾಗೆ ಒಂದು ಕಡೆ ಬೇಯಿಸಿ, ಆಮೇಲೆ ಮಗುಚಿ ಇನ್ನೊಂದು ಕಡೆ ಬೇಯಿಸತೊಡಗಿದಳು. ಪುಟ್ಟರಂಗ ಬಗ್ಗಿ ನೋಡಿದ.

"ಮುಳುಗಿಲ್ಲ ಸ್ವಾಮಿ, ಈಜ್ತಾ ಇದೆ," ಎಂದಳು ಗೌರಕ್ಕ.

ಅವನು ಆಜ್ಞೆಯನ್ನು ಇನ್ನೊಮ್ಮೆ ಓದಿದ. ಈಜುವುದರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಈ ಈಜಾಟ ಒಂದು ವಾರ ನಡೆಯಿತು. ಆಮೇಲೆ ಎಣ್ಣೆ ತಗುಲಿದ್ದಕ್ಕೆಲ್ಲ ಕರ ಎಂದು ತಿದ್ದುಪಡಿ ಬಂತು. ದೇವಸ್ಥಾನದ ದೀಪಕ್ಕೂ ಕರವೇ ಎಂದು ಅರ್ಚಕರು ಹೋಗಿ ವಿಚಾರಿಸಿ ಬರಬೇಕಾಯಿತು.

ಕರದಿಂದ ಏನೂ ಆಗಲಿಲ್ಲ ಎಂದು ನಾನು ಹೇಳುವುದಿಲ್ಲ. ತಮ್ಮ ದುಡ್ಡಿನಲ್ಲಿ ತಾವೇ ತಿನ್ನುತ್ತಿದ್ದವರು ಯೋಚಿಸತೊಡಗಿದರು. ಅಂಚೆ ಕಚೇರಿಯ ಗುಮಾಸ್ತರು ಸಂಜೆಯ ಬೋಂಡ ಪೂರ್ತಿ ಬಿಟ್ಟರು, ನಾನು ಅವರ ಎರಡು ಪ್ಯಾಂಟನ್ನು ಚಿಕ್ಕದು ಮಾಡಿಕೊಟ್ಟೆ. ಅವರ ಹೆಂಡತಿ ನನಗೆ ನಿಂಬೆಹಣ್ಣು ತಂದುಕೊಟ್ಟರು, ನಾನೇ ಗಂಡನನ್ನು ಇಳಿಸಿದ ಹಾಗೆ. ಆದರೆ ತಿನ್ನುವುದನ್ನು ಅರ್ಧ ಮಾಡಿದವರು ಇದ್ದ ಹಾಗೇ ಇದ್ದರು. ನನಗೆ ಇದು ವಿಚಿತ್ರವೆನ್ನಿಸಿತು. ಒಂದು ತಿಂಗಳಾದ ಮೇಲೆ ದಾಸಣ್ಣ ಅದೇ ಜೇಬಿಲ್ಲದ ಜುಬ್ಬ ತೊಟ್ಟು ಬಂದು, ಕಂಕುಳಲ್ಲಿ ಹಿಡಿಯುತ್ತಿದೆ, ಒಗೆದಾಗ ಕುಗ್ಗಿರಬೇಕು ಎಂದರು. ಬಟ್ಟೆ ಕುಗ್ಗಿರಲಿಲ್ಲ. ನಾನು ಟೇಪು ಹಿಡಿದೆ. ಡಾಕ್ಟರು ಹೇಳಿದ ಒಂದು ಜುಬ್ಬದ ಅಳತೆಯಲ್ಲಿ ಅರ್ಧ ಆಗಲೇ ಬಂದಿತ್ತು.

ಆ ಮಧ್ಯಾಹ್ನ ಒಲೆ ಹಚ್ಚುವ ಮೊದಲು ನಾನು, ಗೌರಕ್ಕ ಕೂತು ಯೋಚಿಸಿದೆವು. ಹತ್ತು ರೂಪಾಯಿಗೆ ಒಂದು ಕೂದಲೆಳೆಯಾದರೆ ಇಪ್ಪತ್ತಕ್ಕೆ? ಗೌರಕ್ಕ ಸೌಟು ಕೆಳಗಿಟ್ಟು ನನ್ನ ಮುಖ ನೋಡಿದಳು. ಸೊಂಟಕ್ಕೆ ಬಜ್ಜಿಯ ದುಡ್ಡು ಯಾವುದು, ಕರದ ದುಡ್ಡು ಯಾವುದು ಎಂದು ಗೊತ್ತಾಗುವುದಿಲ್ಲ. ಕೊಟ್ಟಷ್ಟಕ್ಕೂ ಬರುತ್ತದೆ. ಕರ ಹಾಕಿ ನಾವು ಬಜ್ಜಿಯ ಕೊಬ್ಬನ್ನು ಎರಡು ಪಟ್ಟು ಮಾಡಿದ್ದೆವು. ಕೊಟ್ಟವರಿಗೆ ಮೈ ಬರುತ್ತದೆ ಎಂಬುದು ತೊಟ್ಟಿಲ ಕೂಸಿಗೂ ತಿಳಿದ ಊರಿನಲ್ಲಿ, ಚಪ್ಪಾಳೆ ಹೊಡೆಯುವಾಗ ಒಬ್ಬರಿಗೂ ಅದು ನೆನಪಾಗಿರಲಿಲ್ಲ.

ದಾಸಣ್ಣನ ವಿಷಯದಲ್ಲಿ ಇನ್ನೂ ಒಂದು ಎಡವಟ್ಟಾಗಿತ್ತು. ಮೊದಲು ವಾರಕ್ಕೊಮ್ಮೆ ತಮ್ಮ ಕಾಸಿನಲ್ಲೇ ಬಜ್ಜಿ ತಿನ್ನುತ್ತಿದ್ದ ಗಾರೆ ಕೆಲಸದವರು, ಹೂವಿನವರು, ಇಪ್ಪತ್ತು ರೂಪಾಯಿ ಕೊಡಲಾಗದೆ ಅವರೂ ದಾಸಣ್ಣನ ಬೆಂಚಿಗೆ ಬಂದು ಸೇರಿದ್ದರು. ಬೆಂಚು ಸಾಲದೆ ಇಟ್ಟಿಗೆ ತಂದು ಹಾಕಿಕೊಂಡಿದ್ದರು. ಇಡೀ ಊರಿನ ಕರ ಬಂದು ಒಬ್ಬ ಮನುಷ್ಯನ ಸೊಂಟದ ಮೇಲೆ ಕೂತಿತ್ತು.

ನಾನು ದಾಸಣ್ಣನನ್ನು ಅಂಗಡಿಗೆ ಕರೆದು ಇದೆಲ್ಲ ಬಿಡಿಸಿ ಹೇಳಿದೆ. ಅವರು ಸ್ಟೂಲಿನ ಮೇಲೆ ಕೂತು, ಸ್ಟೂಲು ಕಿರುಗುಟ್ಟಿದ್ದಕ್ಕೆ ಅದರ ಕ್ಷಮೆ ಕೇಳಿ, ಕೊನೆಯವರೆಗೂ ಕೇಳಿಸಿಕೊಂಡರು.

"ನೋಡಮ್ಮ ಟೈಲರಮ್ಮ, ಕೆಲಸ ಸೇರಿದ ದಿನದಿಂದ ಜನರ ಹತ್ರ ದುಡ್ಡು ಇಸ್ಕೊಂಡವನು ನಾನು. ಟಿಕೆಟ್, ಟಿಕೆಟ್ ಅಂತ. ಒಬ್ಬನೂ ನನ್ನ ಮುಖ ನೋಡ್ತಿರಲಿಲ್ಲ, ಚಿಲ್ರೆ ನೋಡ್ತಿದ್ರು. ಈಗ ನೋಡ್ತಾರೆ. ಇದನ್ನ ಬಿಟ್ಟು ಹತ್ತು ವರ್ಷ ಜಾಸ್ತಿ ಬದುಕಿ ಯಾರ ಮುಖ ನೋಡ್ಲಿ?"

ನಿಂಗಕ್ಕನ ಮುಖ ನೋಡಿ ಎಂದು ಹೇಳಿದೆ. ಅವರು ನಕ್ಕರು. ಅದನ್ನು ನಿಂಗಕ್ಕನೇ ಹೇಳಿಕಳಿಸಿದ ಮಾತು ಎಂದುಕೊಂಡಿರಬೇಕು.

ಅಷ್ಟರಲ್ಲಿ ಕರದ ದುಡ್ಡು ಪುರಸಭೆಯಲ್ಲಿ ರಾಶಿ ಬಿದ್ದಿತ್ತು. ಇಷ್ಟು ದುಡ್ಡನ್ನು ಏನು ಮಾಡುವುದು ಎಂದು ಅಧ್ಯಕ್ಷರು ಆರೋಗ್ಯ ಉತ್ಸವ ಮಾಡಿದರು. ಬ್ಯಾಂಡು, ಶಾಮಿಯಾನ, ಕೊಬ್ಬು ಇಳಿಸುವ ಬಗ್ಗೆ ಭಾಷಣ, ಕೊನೆಯಲ್ಲಿ ಬಂದವರಿಗೆಲ್ಲ ಜಿಲೇಬಿ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಹಿಂದೆಲ್ಲ ಪುರಸಭೆಯ ಸಿಹಿಯನ್ನು ಕಂಟ್ರಾಕ್ಟರುಗಳು ಕೊಡಿಸುತ್ತಿದ್ದರು, ಅದಕ್ಕೇ ನಮ್ಮ ಊರಿನ ಕಂಟ್ರಾಕ್ಟರುಗಳು ಆ ಗಾತ್ರ. ಈ ಸಲ ಅಧ್ಯಕ್ಷರು ತಾವೇ ಮುಂದೆ ನಿಂತು, ಫೋಟೋ ತೆಗೆಸಿಕೊಳ್ಳುತ್ತಾ, ಚೆಕ್ಕಿಗೆ ಸಹಿ ಹಾಕಿದರು. ಸಹಿ ಹಾಕಿದ ಕೈ ಯಾರದು ಎಂಬುದಷ್ಟೇ ಜಿಲೇಬಿಗೆ ಗೊತ್ತಾಗುವುದು.

ಉತ್ಸವದ ಮಾರನೆಯ ಮಧ್ಯಾಹ್ನ, ಬೀದಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಚನ್ನಕೇಶವಯ್ಯನವರು ನನ್ನ ಅಂಗಡಿಯ ಹಿಂಬಾಗಿಲಿಗೆ ಬಂದರು. ಮೇಲೆ ಶಾಲು ಹೊದ್ದಿದ್ದರು. ಶಾಲಿನ ಕೆಳಗೆ ಪ್ಯಾಂಟಿಗೆ ಗುಂಡಿ ಹಾಕಲಾಗದೆ ಪಂಚೆಯ ಅಂಚಿನಿಂದ ಸೊಂಟಕ್ಕೆ ಕಟ್ಟಿಕೊಂಡಿದ್ದರು. ಜೀವಮಾನವಿಡೀ ಬರದಿದ್ದದ್ದು ಒಂದೇ ರಾತ್ರಿಗೆ ಬಂದಿತ್ತು.

"ಯಾರಿಗೂ ಹೇಳಬೇಡ. ಬಿಚ್ಚಿ ಸ್ವಲ್ಪ ದೊಡ್ಡದು ಮಾಡಮ್ಮ," ಎಂದರು.

"ಬಿಚ್ಚೋಕೆ ಏನಿದೆ ಸ್ವಾಮಿ? ನಿಮ್ಮ ಪ್ಯಾಂಟಿನೊಳಗೆ ದಾರದಷ್ಟೂ ಬಟ್ಟೆ ಬಿಟ್ಟಿಲ್ಲ. ಉಳಿದ ಬಟ್ಟೇಲಿ ಸಂತೆಗೆ ಚೀಲ ಹೊಲಿದುಕೊಡು ಅಂತ ನೀವೇ ಇಸ್ಕೊಂಡು ಹೋಗಿದ್ರಿ."

ಅವರು ಗೋಡೆ ನೋಡಿದರು. ಮುಂದಿನ ತಿಂಗಳು ಇನ್ನೊಂದು ಉತ್ಸವ ಗೊತ್ತಾಗಿಬಿಟ್ಟಿದೆ, ಅದಕ್ಕೂ ಲಾಡು ಹೇಳಿಯಾಗಿದೆ ಎಂದರು. ದನಿ ಸಣ್ಣದಾಗಿತ್ತು. ದಪ್ಪಗಾದವರ ಭಯ ಏನೆಂದು ಆ ಮನುಷ್ಯನಿಗೆ ಮೊದಲ ಸಲ ಗೊತ್ತಾಗಿತ್ತು. ಪಾಪ ಎನ್ನಿಸಿತು. ಹಿಂದೆ ಒಂದು ತ್ರಿಕೋನದ ತುಂಡು ಸೇರಿಸಿ ಹೊಲಿದರೆ ಕೋಟಿನ ಕೆಳಗೆ ಕಾಣುವುದಿಲ್ಲ ಎಂದು ಹೇಳಿ, ಅವರು ಮರೆಗೆ ಹೋಗಿ ಶಾಲು ಸುತ್ತಿಕೊಂಡು ಪ್ಯಾಂಟು ತಂದುಕೊಟ್ಟ ಮೇಲೆ, ಅವರ ಎದುರಿಗೇ ಅದನ್ನು ಬಿಚ್ಚಿ ಹೊಲಿಯಲು ಕೂತೆ. ಹೊಲಿಯುತ್ತಾ ನನ್ನ ಮಾತು ಮುಂದಿಟ್ಟೆ. ಬಜ್ಜಿಯ ಬೆಲೆಯನ್ನು ಯಾರು ಬೇಕಾದರೂ ಕೊಡಲಿ; ಕರವನ್ನು ಮಾತ್ರ ತಿಂದ ಬಾಯಿಯೇ ಕೊಡಬೇಕು, ಸ್ವಂತ ಜೇಬಿನಿಂದ. ಆಗ ಕೊಡಿಸಿದವನ ಮೇಲೆ ಅರ್ಧ ಬೀಳುತ್ತದೆ, ತಿಂದವನ ಮೇಲೆ ಅರ್ಧ.

ಜನ ಗೊಣಗುತ್ತಾರೆ ಎಂದು ಅಧ್ಯಕ್ಷರು ಅನುಮಾನಿಸಿದರು. ಗೊಣಗಲಿ, ಉತ್ಸವದ ಲಾಡಿನ ಕರವೂ ಆಗ ತಿಂದವರದೇ, ನಿಮಗೂ ಅರ್ಧ ಕಡಿಮೆ ಎಂದೆ. ಅವರ ಕಣ್ಣಿನಲ್ಲಿ ದೀಪ ಹತ್ತಿಕೊಂಡಿತು. ಪರೋಪಕಾರಕ್ಕೆ ಸ್ವಂತ ಸೊಂಟದಷ್ಟು ಒಳ್ಳೆಯ ಕಾರಣ ಇನ್ನೊಂದಿಲ್ಲ. ಹೊರಡುವಾಗ ಹೊಲಿಗೆಯ ದುಡ್ಡು ಕೊಡುವುದನ್ನು ಅವರು ಮರೆತರು. ಹಳೆಯ ಅಭ್ಯಾಸ, ನಾನೂ ಕೇಳಲಿಲ್ಲ.

ಹೊಸ ನಿಯಮ ಬಂದ ಸಂಜೆ ನಾನು ಮಿಷನ್ ನಿಲ್ಲಿಸಿ ಬಾಗಿಲಲ್ಲೇ ನಿಂತಿದ್ದೆ. ದಾಸಣ್ಣ ಎಂದಿನಂತೆ ನಡುವೆ ಕೂತು, ಎಲ್ಲರಿಗೂ ಒಂದೊಂದು ತಟ್ಟೆ ಎಂದರು. ಗೌರಕ್ಕ ಕೊಟ್ಟಳು. ಪುಟ್ಟರಂಗ ಬೆಂಚಿನ ಒಂದು ತುದಿಯಿಂದ ಶುರುಮಾಡಿ ಒಬ್ಬೊಬ್ಬರ ಮುಂದೆಯೂ ಕೈ ಚಾಚುತ್ತಾ ಬಂದ. ನಾನು ಕೊಡ್ತೀನಿ ಎಂದು ದಾಸಣ್ಣ ಪಂಚೆಯ ಮಡಿಕೆಗೆ ಕೈ ಹಾಕಿದರು. ಹಾಗಾಗಲ್ಲ ಅಣ್ಣಾ, ತಿಂದವರೇ ಕೊಡಬೇಕು, ನೀವು ಕೊಟ್ಟರೆ ನನ್ನ ಕೆಲಸ ಹೋಗುತ್ತೆ ಎಂದ ಪುಟ್ಟರಂಗ. ಒಬ್ಬ ಆಟೋದವನು ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ. ಇನ್ನೊಬ್ಬನಿಗೆ ಬಾಡಿಗೆ ನೆನಪಾಯಿತು. ಇಬ್ಬರು ಕೊಟ್ಟರು, ಆದರೆ ದಾಸಣ್ಣನೇ ಕೇಳಿ ಇಸಿದುಕೊಂಡ ಹಾಗೆ ಅವರ ಕಡೆ ನೋಡಿದರು. ಸಣ್ಣಪ್ಪ ತಟ್ಟೆ ಮುಟ್ಟಲೇ ಇಲ್ಲ. ನಾಳೆ ಬರುತ್ತೇನಣ್ಣ ಎಂದು ಹೇಳಿ ಹೋದವನು ಮಾರನೆಯ ದಿನ ನಿಲ್ದಾಣದ ಆ ಬದಿಯಿಂದಲೇ ಸುತ್ತಿಕೊಂಡು ಹೋದ.

ವಾರ ಕಳೆಯುವಷ್ಟರಲ್ಲಿ ಬೆಂಚು ಖಾಲಿಯಾಯಿತು. ದಾಸಣ್ಣ ಮಾತ್ರ ಐದಕ್ಕೆ ಬರುತ್ತಿದ್ದರು. ಒಂದು ಬಜ್ಜಿ ತಿಂದು, ಬೀದಿ ನೋಡುತ್ತಾ ಕೂತು, ಏಳಕ್ಕೆ ಹೋಗುತ್ತಿದ್ದರು. ಅಭ್ಯಾಸ ತಪ್ಪದೆ ಎರಡೂ ಕಡೆ ಜಾಗ ಬಿಟ್ಟು ನಡುವೆಯೇ ಕೂರುತ್ತಿದ್ದರು. ಗೌರಕ್ಕನ ವ್ಯಾಪಾರವೂ ಬಿತ್ತು. ಅವಳು ನನ್ನ ಮೇಲೆ ಮುನಿಸಿಕೊಂಡು, ಬೇಯಿಸಿದ ಕಡಲೆಯನ್ನೂ ಮಾರಲು ಶುರುಮಾಡಿದಳು.

ದಾಸಣ್ಣ ಇಳಿದರು. ತಿಂಗಳಿಂದ ತಿಂಗಳಿಗೆ ಕಣ್ಣಿಗೆ ಕಾಣುವ ಹಾಗೆ ಇಳಿದರು. ಡಾಕ್ಟರು ಕೊಳವೆಯಿಟ್ಟು ಕೇಳಿ ಬೆನ್ನು ತಟ್ಟಿದರಂತೆ. ನಿಂಗಮ್ಮ ಬಂದು ನನಗೆ ಅರಿಶಿನ ಕುಂಕುಮ ಕೊಟ್ಟು ಹೋದರು. ಇನ್ನೊಂದು ತಿಂಗಳಾದ ಮೇಲೆ ಮತ್ತೆ ಬಂದರು, ಈ ಸಲ ಕೈಯಲ್ಲಿ ಏನೂ ಇರಲಿಲ್ಲ. ರಾತ್ರಿ ಊಟಕ್ಕೆ ಕೂತರೆ ಇವರು ತಟ್ಟೆ ನೋಡುತ್ತಾರೆ, ಮಾತೇ ಇಲ್ಲ ಎಂದರು. ಮೊದಲೆಲ್ಲ ಬೆಂಚಿನಿಂದ ಮನೆಗೆ ಬಂದರೆ ಇವತ್ತು ಯಾರು ಏನೆಂದರು ಎಂದು ಮಲಗುವವರೆಗೂ ಹೇಳುತ್ತಿದ್ದರು, ಸಾಕು ಸುಮ್ಮನಿರಿ ಎಂದು ನಾನೇ ಬೈಯುತ್ತಿದ್ದೆ ಎಂದು ಹೇಳಿ, ಬೈಯಲು ಯಾರೂ ಇಲ್ಲದವರ ಹಾಗೆ ನಿಂತರು. ನನ್ನ ಲೆಕ್ಕ ತಪ್ಪಿರಲಿಲ್ಲ. ಆದರೆ ಸರಿಯಾದ ಲೆಕ್ಕದಲ್ಲೂ ಶೇಷ ಉಳಿಯುತ್ತದೆ.

ಒಂದು ದಿನ ದಾಸಣ್ಣ ಆ ಜೇಬಿಲ್ಲದ ಜುಬ್ಬವನ್ನು ಮಡಿಸಿ ತಂದರು. ತೊಟ್ಟರೆ ಬೇಲಿಗೆ ಒಣಗಹಾಕಿದ ಹಾಗಿರುತ್ತದೆ, ಎರಡೂ ಕಡೆ ಹಿಡಿದುಕೊಡು ಎಂದರು. ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಎತ್ತಿಕೊಂಡೆ. ಅವರು ಕತ್ತರಿಯ ಮೇಲೆ ಕೈ ಇಟ್ಟರು.

"ಕತ್ತರಿಸಬೇಡ ಕಣಮ್ಮ. ಒಳಗೇ ಬಿಡು."

"ಇಷ್ಟೊಂದು ಬಿಟ್ರೆ ಪಕ್ಕೆಗೆ ಚು‌ಚ್ಚುತ್ತೆ ಅಣ್ಣ."

"ಚುಚ್ಚಲಿ. ಇದೆ ಅಂತ ಗೊತ್ತಾಗ್ತಿರಲಿ."

ನಾನು ಎರಡೂ ಕಡೆ ಒಂದೊಂದು ಗೇಣು ಬಟ್ಟೆಯನ್ನು ಒಳಗೇ ಮಡಿಸಿ, ಚುಚ್ಚದ ಹಾಗೆ ಅಂಚು ಕೂರಿಸಿ ಹೊಲಿದುಕೊಟ್ಟೆ. ಅವರು ಕೇಳದಿದ್ದರೂ ಎಡಗಡೆ ಒಂದು ಜೇಬು ಹಾಕಿದೆ. ಚಿಕ್ಕದು, ಒಂದು ನೋಟು ಹಿಡಿಯುವಷ್ಟು.

ಅದೇ ವಾರ ಸಣ್ಣಪ್ಪ ನನ್ನ ಅಂಗಡಿಗೆ ಬಂದ. ಬಾಗಿಲಲ್ಲೇ ನಿಂತು ಟವೆಲ್ಲಿನ ತುದಿಯನ್ನು ಹಿಂಡುತ್ತಿದ್ದ. ಮೂರನೆಯ ಕಡೆಯವರು ಬರುವವರಿದ್ದರು, ಶ್ರಾವಣ ಮುಗಿದ ಮೇಲೆ. ಹುಡುಗಿ ಸೊಪ್ಪು ಮಾರುವವಳು, ಹೆಸರು ಮಾದೇವಿ, ಅವನಿಗೆ ಮನಸ್ಸಿತ್ತು.

"ಟೈಲರಮ್ಮ, ಒಂದು ಅಂಗುಲ ಬರಬೇಕು ಅಂದ್ರೆ ಎಷ್ಟು ಕೊಡಿಸಬೇಕು?"

"ಎಷ್ಟು ಅನ್ನೋದು ಆಮೇಲೆ ನೋಡೋಣ. ಯಾರಿಗೆ ಕೊಡಿಸ್ತೀಯ?"

ಅವನು ಅದನ್ನು ಯೋಚಿಸಿರಲಿಲ್ಲ. ತಿರುಗಿ ಬೀದಿಯ ಕಡೆ ನೋಡಿದ. ಬೆಂಚಿನ ನಡುವೆ ದಾಸಣ್ಣ ಒಬ್ಬರೇ ಕೂತಿದ್ದರು. ಸಣ್ಣಪ್ಪ ಗೌರಕ್ಕನ ಬಳಿ ಹೋಗಿ, ಅಣ್ಣನಿಗೆ ಒಂದು ತಟ್ಟೆ ಎಂದ. ಗೌರಕ್ಕ ಸರಿಯಾಗಿ ಕೇಳಿಸಲಿಲ್ಲ ಎನ್ನುವ ಹಾಗೆ ಇನ್ನೊಮ್ಮೆ ಹೇಳಿಸಿದಳು, ನಾನೂ ಕೇಳಲಿ ಎಂದು. ಅವನು ಹತ್ತು ರೂಪಾಯಿ ಕೊಟ್ಟು ತಟ್ಟೆಯನ್ನು ತಂದು ದಾಸಣ್ಣನ ಮುಂದೆ ಹಿಡಿದ. ದಾಸಣ್ಣ ತಟ್ಟೆ ನೋಡಿದರು, ಅವನನ್ನು ನೋಡಿದರು. ಅಷ್ಟು ವರ್ಷಗಳಲ್ಲಿ ಆ ಬೆಂಚಿನ ಮೇಲೆ ಅವರಿಗೆ ಯಾರೂ ಏನೂ ಕೊಡಿಸಿರಲಿಲ್ಲ. ತಟ್ಟೆ ಹೇಗೆ ಇಸಿದುಕೊಳ್ಳಬೇಕೆಂದೂ ಅವರಿಗೆ ತಿಳಿಯಲಿಲ್ಲ. ಎರಡೂ ಕೈ ಒಡ್ಡಿದರು, ಪ್ರಸಾದಕ್ಕೆ ಒಡ್ಡುವ ಹಾಗೆ.

"ನಂಗೇನೂ ನಿಮ್ಮ ಮೇಲೆ ಪ್ರೀತಿ ಉಕ್ಕಿ ಬಂದಿಲ್ಲ ಅಣ್ಣ," ಎಂದ ಸಣ್ಣಪ್ಪ. "ಸ್ವಲ್ಪ ಮೈ ಬರಬೇಕು. ಹೆಣ್ಣು ಕೊಡ್ತಾ ಇಲ್ಲ ಯಾರೂ."

ದಾಸಣ್ಣ ನಗತೊಡಗಿದರು. ನಗು ಇಳಿಯುವ ಮೊದಲೇ ಪುಟ್ಟರಂಗ ಬಂದು, ತಿನ್ನುವವರು ನೀವು, ಕರ ನಿಮ್ಮದು ಎಂದು ಕೈ ಚಾಚಿದ. ದಾಸಣ್ಣ ಹೊಸ ಜೇಬಿಗೆ ಕೈ ಹಾಕಿ ಹತ್ತು ರೂಪಾಯಿ ತೆಗೆದು, ಸಂತೋಷದಿಂದ ಕೊಟ್ಟರು. ಕರವನ್ನು ಯಾರಾದರೂ ಅಷ್ಟು ಸಂತೋಷದಿಂದ ಕೊಟ್ಟದ್ದನ್ನು ನೋಡಿ ಪುಟ್ಟರಂಗನಿಗೆ ಅನುಮಾನ ಬಂತು, ನೋಟನ್ನು ಬೆಳಕಿಗೆ ಹಿಡಿದು ನೋಡಿದ. ಇಬ್ಬರೂ ಕೂತು ತಟ್ಟೆಯನ್ನು ಹಂಚಿಕೊಂಡರು. ಇಬ್ಬರ ಸೊಂಟಕ್ಕೂ ಒಂದೊಂದು ಕೂದಲೆಳೆ.

ಮಾರನೆಯ ದಿನ ದಾಸಣ್ಣ ಬೆಲೆ ಕೊಟ್ಟರು, ಸಣ್ಣಪ್ಪ ಕರ ಕೊಟ್ಟ. ಅದರ ಮಾರನೆಯ ದಿನ ತಿರುಗಿಸಿದರು. ಆಮೇಲೆ ಒಬ್ಬ ಆಟೋದವನು ಬಂದ, ಅವನೂ ಹೆಣ್ಣು ನೋಡುತ್ತಿದ್ದ. ಬೀದಿ ಗುಡಿಸುವ ಕಾಳಮ್ಮ ಬಂದಳು, ಅವಳಿಗೆ ಹೆಣ್ಣೂ ಬೇಡ ಗಂಡೂ ಬೇಡ, ಮಾತು ಬೇಕಿತ್ತು. ಅವಳು ಗೌರಕ್ಕನ ಬೇಯಿಸಿದ ಕಡಲೆ ತಿಂದು ಕರವಿಲ್ಲದೆ ಕೂತಳು. ಉಳಿದವರು ಬರಲಿಲ್ಲ. ಹತ್ತು ರೂಪಾಯಿ ಕರ ಅವರಿಗೆ ದೊಡ್ಡದು, ಅದನ್ನು ನಾನು ಚಿಕ್ಕದು ಎನ್ನಲಾರೆ.

ಮಾದೇವಿಯ ತಂದೆ ಬಂದು ಕೇಳಿದಾಗ, ಸಣ್ಣಪ್ಪನ ಪ್ಯಾಂಟಿನಲ್ಲಿ ಒಂದು ಅಂಗುಲ ಬಿಟ್ಟಿದ್ದೇನೆ ಎಂದು ಹೇಳಿದೆ. ಅಷ್ಟು ಬಿಟ್ಟಿದ್ದೆ. ಮದುವೆ ಆಯಿತು. ದಾಸಣ್ಣ ಬದುಕಿದ್ದಾರೆ, ಜುಬ್ಬದ ಒಳಗಿನ ಬಟ್ಟೆ ಇನ್ನೂ ಹಾಗೇ ಇದೆ. ಅಂಚೆ ಗುಮಾಸ್ತರು ಇಳಿದದ್ದು ಇಳಿದೇ ಇದ್ದಾರೆ. ಅಧ್ಯಕ್ಷರು ಈಗ ಉತ್ಸವದಲ್ಲಿ ಸೌತೆಕಾಯಿ ಹಂಚುತ್ತಾರೆ. ಬೆಂಚಿನ ಮೇಲೆ ಮೊದಲು ಹದಿನೈದು ಜನ ಕೂರುತ್ತಿದ್ದರು, ಈಗ ನಾಲ್ಕು ಜನ. ಕರದಿಂದ ನಮ್ಮ ಊರಿಗೆ ಉಳಿದದ್ದು ಒಬ್ಬ ಮನುಷ್ಯ, ಹೋದದ್ದು ಹನ್ನೊಂದು ಜನರ ಸಂಜೆಯ ಬಜ್ಜಿ.